ಮಾಯ ಸೇರಿದವರ ಸತ್ಯ

ನರಿಗೆ ಕೊಂಬುಂಟೆ ಎಂದು ಕೇಳಿದರೆ ಬಾಲಕನಾದರೂ ನಕ್ಕಾನು. ಆದರೂ ತಮಿಳುನಾಡಿನಲ್ಲಿಯೂ ಸಿಂಹಳದ್ವೀಪದಲ್ಲಿಯೂ ‘ನರಿಕೊಂಬು’ ಎಂಬ ತಾಯಿತವೊಂದು ಬಹುಕಾಲದಿಂದ ಕೈಯಿಂದ ಕೈಗೆ ಸಲ್ಲುತ್ತ ಬಂದಿದೆ. ನರಿಗಳ ಹಿಂಡಿನ ನಾಯಕನ ನೆತ್ತಿಯಲ್ಲಿ ಮಾತ್ರವೇ, ರೋಮಗುಚ್ಛದ ಮರೆಯಲ್ಲಿ, ಅರ್ಧ ಅಂಗುಲದಷ್ಟು ಉದ್ದದ ಕೊಂಬೊಂದು ಮೂಡುವುದೆಂದೂ, ಅದನ್ನು ಕೈವಶ ಮಾಡಿಕೊಂಡವನ ಇಷ್ಟಾರ್ಥಗಳೆಲ್ಲ ಸಿದ್ಧಿಸುವುವೆಂದೂ ಜನರು ನಂಬುತ್ತಿದ್ದುದನ್ನು, ಸಿಂಹಳದಲ್ಲಿ ವಸಾಹತು ಕಾರ್ಯದರ್ಶಿಯಾಗಿದ್ದ ಸರ್ ಜೇಮ್ಸ್ ಎಮರ್ಸನ್ ಟೆನೆಂಟನು ಆ ದ್ವೀಪದ ಪ್ರಾಣಿಗಳನ್ನು ಕುರಿತು 1861ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಕೋರ್ಟಿನ ವ್ಯಾಜ್ಯಗಳಲ್ಲಿ ಗೆಲ್ಲಬಯಸುವವರಿಗೆ ಅದು ವಿಶೇಷವಾಗಿ ಬೇಕಾದ ವಸ್ತುವಾಗಿತ್ತಂತೆ. ವಕೀಲರ ಶುಲ್ಕಕ್ಕೆ ಹೋಲಿಸಿದರೆ ಅಗ್ಗವೇ ಆಗಿದ್ದಿರಬೇಕು.

ನೇತ್ರಾವತಿಯ ದಡದಲ್ಲಿ, ಪಾಣೆಮಂಗಳೂರಿನ ನೆರೆಯಲ್ಲಿ ಇರುವ ಬಂಟ್ವಾಳ ತಾಲ್ಲೂಕಿನ ನರಿಕೊಂಬು ಗ್ರಾಮಕ್ಕೆ ಈ ತಾಯಿತದಿಂದಲೇ ಹೆಸರು ಬಂತೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಕೊಂಬೆಂದರೆ ಮರದ ಶಾಖೆಯೂ ಆದೀತು, ಊದುವ ವಾದ್ಯವೂ ಆದೀತು. ಆದರೆ ಅಡಕೆ ತೆಂಗುಗಳ ಈ ಸಾಧುವಾದ ಗ್ರಾಮದ ಹೆಸರು ಕಿವಿಗೆ ಬಿದ್ದಾಗಲೆಲ್ಲ ವಂಚನೆಯ ವಿಚಾರವು ಮನಸ್ಸಿನಲ್ಲಿ ಸುಳಿಯುವುದುಂಟು. ಅದರಲ್ಲಿಯೂ, ಇಲ್ಲದ ಕೊಂಬನ್ನು ಮಾರುವವನ ಕ್ಷುದ್ರವಾದ ಮೋಸಕ್ಕಿಂತಲೂ, ಅಲೌಕಿಕದ ಹೆಸರಿನಲ್ಲಿ ಮನುಷ್ಯನು ದಾರಿತಪ್ಪುವ ಆ ಗಂಭೀರವಾದ ವಂಚನೆಯ ವಿಚಾರವು. ಕ್ರೈಸ್ತವೇದದ ಗ್ರೀಕ್ ಮೂಲದಲ್ಲಿ ಇದಕ್ಕೆ ‘ಪ್ಲಾನೆ’ ಎಂದು ಹೆಸರು. ಆ ಶಬ್ದವನ್ನು ಹೊತ್ತು ತಂದವರಿಗೂ ಈ ನದೀತೀರದ ದೈವಗಳಿಗೂ 19ನೆಯ ಶತಮಾನದಲ್ಲಿ ನಡೆದ ಮುಖಾಮುಖಿಯು ನಮ್ಮ ನಾಡಿನ ಚರಿತ್ರೆಯಲ್ಲಿ ಸ್ವಾರಸ್ಯವಾದ ಅಧ್ಯಾಯವಾಗಿದೆ.

ಪ್ಲಾನೆಯ ಮೊದಲ ಅರ್ಥವು ಅಲೆದಾಟ. ಆಕಾಶದಲ್ಲಿ ಉಳಿದ ನಕ್ಷತ್ರಗಳು ತಮ್ಮ ತಮ್ಮ ನೆಲೆಯನ್ನು ಬಿಡದಿರುವಾಗ, ಅತ್ತಿತ್ತ ಸಂಚರಿಸುವ ಕೆಲವನ್ನು ಗ್ರೀಕರು ಅಲೆಮಾರಿಗಳೆಂಬರ್ಥದಲ್ಲಿ ಇದೇ ಧಾತುವಿನಿಂದ ಕರೆದರು. ಮತ್ತಾಯನ ಸುವಾರ್ತೆಯಲ್ಲಿ ನೂರು ಕುರಿಗಳ ಹಿಂಡಿನಿಂದ ತಪ್ಪಿಹೋದ ಒಂದು ಕುರಿಯ ವಿಷಯದಲ್ಲಿಯೂ ಪ್ರಯೋಗವಾಗಿರುವುದು ಇದರ ಕ್ರಿಯಾರೂಪವೇ. ತಪ್ಪಿಹೋಗುವುದರಿಂದ ತಪ್ಪಿಸುವುದಕ್ಕೆ, ಅಲೆಯುವವನಿಂದ ಅಲೆಸುವವನಿಗೆ ಅರ್ಥವು ಸಾಗಿ, ಯೋಹಾನನ ಮೊದಲನೆಯ ಪತ್ರಿಕೆಗೆ ಬರುವಷ್ಟರಲ್ಲಿ ಸತ್ಯದ ಆತ್ಮಕ್ಕೆ ಎದುರಾಗಿ ಪ್ಲಾನೆಯ ಆತ್ಮವೊಂದು ನಿಂತಿದೆ. ಬಂದ ಆತ್ಮವನ್ನೆಲ್ಲ ನಂಬದೆ ಪರೀಕ್ಷಿಸಿ ನೋಡಬೇಕೆಂಬ ಎಚ್ಚರಿಕೆಯೂ ಆ ಪ್ರಕರಣದಲ್ಲಿಯೇ ಬಂದಿದೆ. ಪೌರಸ್ತ್ಯ ಕ್ರೈಸ್ತಮಠಗಳ ತಪಸ್ವಿಗಳು ಈ ಎಚ್ಚರಿಕೆಯನ್ನು ಶಾಸ್ತ್ರವನ್ನಾಗಿಯೇ ಬೆಳೆಸಿದರು: ಧ್ಯಾನದಲ್ಲಿ ಬೆಳಕು ಕಂಡರೆ ಹಿಗ್ಗಬೇಡ, ದೇವದೂತನೇ ಬಂದು ನಿಂತರೂ ಸಂದೇಹಪಡು, ನಾನು ಸಿದ್ಧನಾದೆನೆಂಬ ಎಣಿಕೆಯೇ ಎಲ್ಲಕ್ಕಿಂತ ದೊಡ್ಡ ಪ್ಲಾನೆ ಎಂಬುದು ಅವರ ಬೋಧನೆಯ ಸಾರ.

ಇಷ್ಟನ್ನು ಅನೇಕರು ಬಲ್ಲರು. ಅಷ್ಟಾಗಿ ಗಮನಿಸದಿರುವ ಸಂಗತಿಯೊಂದುಂಟು. ಯೇಸುವು ಶಿಲುಬೆಯ ಮೇಲೆ ಮಡಿದ ಮರುದಿನ ಯೆಹೂದ್ಯ ಪುರೋಹಿತರು ರೋಮನ್ ಅಧಿಕಾರಿ ಪಿಲಾತನ ಬಳಿಗೆ ಬಂದು ಸಮಾಧಿಗೆ ಕಾವಲಿಡಬೇಕೆಂದು ಬೇಡುವಾಗ, ಸತ್ತ ಯೇಸುವನ್ನು ಅವರು ನಿರ್ದೇಶಿಸುವುದು ‘ಆ ವಂಚಕ’ ಎಂಬರ್ಥದ ಇದೇ ಧಾತುವಿನ ಶಬ್ದದಿಂದ. ಅವನು ಎದ್ದು ಬಂದನೆಂಬ ಸುದ್ದಿ ಹಬ್ಬಿದರೆ ಕೊನೆಯ ಪ್ಲಾನೆಯು ಮೊದಲಿನದಕ್ಕಿಂತ ಕೆಟ್ಟದಾದೀತೆಂದು ಅವರು ಅಂಜುತ್ತಾರೆ. ಹೀಗೆ, ಅನ್ಯರ ದೇವತೆಗಳ ಮೇಲೆ ಕ್ರೈಸ್ತರು ಮುಂದೆ ಹೊರಿಸಿದ ಆರೋಪವು ಅವರ ಗುರುವಿನ ಮೇಲೆಯೇ ಮೊದಲು ಹೊರಿಸಲ್ಪಟ್ಟುದಾಗಿತ್ತು. ಇಂತಹ ಅಲೌಕಿಕ ವಂಚನೆಯ ಆಪಾದನೆಯ ಸ್ವಭಾವವೇ ಇಂತಹುದೆಂದು ತೋರುತ್ತದೆ; ಒಬ್ಬನ ದರ್ಶನವು ನೆರೆಯವನ ಕಣ್ಣಿಗೆ ಭ್ರಾಂತಿಯಾಗಲು ಒಂದು ಬೇಲಿಯಷ್ಟು ಅಂತರವೇ ಸಾಕು.

ಪ್ಲಾನೆಯ ಶಬ್ದವನ್ನು ಈ ತೀರಕ್ಕೆ ಹೊತ್ತು ತಂದ ಬಾಸೆಲ್ ಮಿಶನ್ನಿನ ಸಾಮ್ಯುಯೆಲ್ ಹೆಬಿಕ್, ಯೋಹಾನ್ ಲೇನರ್, ಕ್ರಿಸ್ಟಿಯನ್ ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದರು. ಅವರೂ ಅವರ ಹಿಂದೆ ಬಂದವರೂ ಮಾಡಿದ ಕೆಲಸದ ಪಟ್ಟಿಯನ್ನು ಕನ್ನಡಿಗರು ಬಾಯಿಪಾಠವಾಗಿಯೇ ಬಲ್ಲರು: 1841ರಲ್ಲಿ ಮುದ್ರಣಾಲಯ, 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗನ ‘ಮಂಗಳೂರ ಸಮಾಚಾರ’, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ, 1894ರಲ್ಲಿ ಕಿಟ್ಟೆಲನ ನಿಘಂಟು. ಆದರೆ ಹಂಚಾಗಲಿ ನಿಘಂಟಾಗಲಿ ಅವರು ಸಮುದ್ರವನ್ನು ದಾಟಿ ಬಂದ ಉದ್ದೇಶವಾಗಿರಲಿಲ್ಲ. ತುಳುವರು ಭೂತಗಳಿಂದ, ಎಂದರೆ ಈ ದೈವಗಳಿಂದ, ಮರುಳುಗೊಂಡವರೆಂದೂ, ಆ ಮರುಳನ್ನು ಬಿಡಿಸುವುದು ತಮ್ಮ ಕರ್ತವ್ಯವೆಂದೂ ಅವರು ಪ್ರಾಮಾಣಿಕವಾಗಿಯೇ ನಂಬಿದ್ದರು. ಅವರ ಮಾತಿಗೆ ಕಿವಿಗೊಟ್ಟವರಲ್ಲಿ ಬಿಲ್ಲವರ ಸಂಖ್ಯೆಯೇ ದೊಡ್ಡದು. ದೈವಸ್ಥಾನಗಳಲ್ಲಿ ಪೂಜಾರಿಗಳಾಗಿಯೂ, ದರ್ಶನ ಬರುವ ಪಾತ್ರಿಗಳಾಗಿಯೂ ಇದ್ದ ಸಮುದಾಯ ಅದು. ಅಂತಹ ಮನೆಯವನೊಬ್ಬನು ಹೊಸ ಮತವನ್ನು ಸೇರಿದನೆಂದರೆ ಕುಲದ ನಂಟು ಕಡಿಯುತ್ತಿತ್ತು, ಭೂಮಿಯ ಒಕ್ಕಲುತನಕ್ಕೆ ಸಂಚಕಾರ ಬರುತ್ತಿತ್ತು, ಕಳ್ಳು ಇಳಿಸುವ ಕಸುಬನ್ನು ಮಿಶನ್ನಿನವರೇ ಬಿಡಿಸುತ್ತಿದ್ದರು. ನೇಯ್ಗೆಯ ಮಗ್ಗಗಳೂ ಹಂಚಿನ ಗೂಡುಗಳೂ ಹುಟ್ಟಿಕೊಂಡುದಕ್ಕೆ, ಹೀಗೆ ಕೈಗೆ ಕೆಲಸವಿಲ್ಲದೆ ಉಳಿದವರ ಹೊಟ್ಟೆಪಾಡೂ ಒಂದು ಮುಖ್ಯ ಕಾರಣ.

ಬೋಧಿಸಬೇಕಾದರೆ ಭಾಷೆ ಬೇಕು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನು ಬೈಬಲ್ಲನ್ನು ಅದಾಗಲೇ ಕನ್ನಡಕ್ಕೆ ತಂದಿದ್ದನು. ಅದನ್ನು ತಿದ್ದುವ ಕೆಲಸದಲ್ಲಿ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆಯು ಶ್ರಮಿಸಿ 1855ರಲ್ಲಿ ತೀರಿಕೊಂಡನು. ತುಳುವಿಗಾದರೋ ಗದ್ಯಗ್ರಂಥಗಳ ಆಸರೆಯೇ ಇರಲಿಲ್ಲವೆನ್ನಬಹುದಾದ ಕಾಲದಲ್ಲಿ ಗ್ರೈನರನು 1842ರಲ್ಲಿ ಮತ್ತಾಯನ ಸುವಾರ್ತೆಯನ್ನೂ 1847ರಲ್ಲಿ ಹೊಸ ಒಡಂಬಡಿಕೆಯನ್ನೂ ಕನ್ನಡಲಿಪಿಯಲ್ಲಿ ತುಳುವಾಗಿ ಹೊರತಂದನು. ಪ್ಲಾನೆಯನ್ನು ಈ ನಾಡಿನಲ್ಲಿ ಏನೆಂದು ಹೇಳುವುದು? ಮೋಸವೆಂದರೆ ಸಂತೆಯ ವ್ಯಾಪಾರದ ನೆನಪು. ಭ್ರಾಂತಿಯೆಂದರೆ ವೇದಾಂತಿಯ ಹಗ್ಗ ಹಾವು. ಮರುಳೆಂದರೆ ವೈದ್ಯನ ಚಿಂತೆ. ಇವೆಲ್ಲಕ್ಕಿಂತ ಹತ್ತಿರದ್ದಾಗಿ ಕಾಣುವ ಮಾಯೆಯೆಂಬ ಶಬ್ದವಾದರೋ ನೇತ್ರಾವತಿಯ ತೀರದಲ್ಲಿ ನೇರ ವಿರುದ್ಧವಾದ ದಿಕ್ಕಿಗೆ ಕರೆದೊಯ್ಯುವಂತಹುದು. ಅದು ಹೇಗೆಂಬುದನ್ನು ತಿಳಿಯಲು ನರಿಕೊಂಬಿಗೆ ದೂರವಲ್ಲದ ಸಜಿಪಮೂಡದ ಪಣೋಲಿಬೈಲಿಗೆ ಹೋಗಬೇಕು.

ಪಣೋಲಿಬೈಲು ಕಲ್ಲುರ್ಟಿಯೆಂಬ ದೈವದ ಸ್ಥಾನ. ಕಾಯಿಲೆ ವಾಸಿಯಾಗಲೆಂದೂ, ಕಳೆದ ಒಡವೆ ಸಿಗಲೆಂದೂ, ಮದುವೆ ಕೂಡಿಬರಲೆಂದೂ ಹರಕೆ ಹೊತ್ತ ಜನರು ಇಲ್ಲಿ ಅಗೆಲು ಸೇವೆಯನ್ನು ಸಲ್ಲಿಸುತ್ತಾರೆ. ಬಾಳೆಲೆಯ ಮೇಲೆ ಕುಚ್ಚಲಕ್ಕಿಯ ಅನ್ನ, ಅದರ ಮೇಲೆ ಕೋಳಿಯ ಪದಾರ್ಥ, ಮನೆಯ ಹಿರಿಯಳಿಗೆ ಬಡಿಸಿದಂತೆಯೇ. ಈ ಕಲ್ಲುರ್ಟಿ ಯಾರೆಂದು ಕೇಳಿದರೆ ತುಳುವರ ಹಾಡುಗಥೆಯಾದ ಪಾಡ್ದನವು ಒಂದು ಕುಟುಂಬದ ಕಥೆಯನ್ನು ಹೇಳುತ್ತದೆ. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆದವನು ಶಂಭು ಕಲ್ಕುಡ. ಅವನ ಮಗ ಬೀರ ಕಲ್ಕುಡನನ್ನು ಕಾರ್ಕಳದ ಭೈರರಸನು ಕರೆಸಿಕೊಂಡನು. ಸಾವಿರ ಕಂಬದ ಬಸದಿಯನ್ನೂ ಬೆಟ್ಟದ ಮೇಲಿನ ಗೊಮ್ಮಟನನ್ನೂ ಅವನಿಂದ ಮಾಡಿಸಿಕೊಂಡು, ಉಡುಗೊರೆ ಕೊಡುವ ವೇಳೆಗೆ, ಇಂತಹುದನ್ನು ಇನ್ನೊಬ್ಬ ಅರಸನಿಗೆ ಇವನು ಮಾಡಿಕೊಡಬಾರದೆಂದು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನು. ಕಲ್ಕುಡನು ಕುಂಟುತ್ತ ವೇಣೂರಿಗೆ ಹೋಗಿ, ಅಲ್ಲಿಯ ಅಜಿಲರಸನ ಆಶ್ರಯದಲ್ಲಿ, ಉಳಿದ ಒಂದೇ ಕೈಯಿಂದ ಮತ್ತೊಂದು ಗೊಮ್ಮಟನನ್ನು ಕಡೆದನು. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಅವನ ಅಂಗಹೀನವಾದ ದೇಹವನ್ನು ಕಂಡಳು. ಅಣ್ಣತಂಗಿಯರಿಬ್ಬರೂ ಮಾಯ ಸೇರಿ ಕಲ್ಕುಡ ಕಲ್ಲುರ್ಟಿ ಎಂಬ ದೈವಗಳಾದರು. ಕಾರ್ಕಳದ ಅರಮನೆಗೆ ಬೆಂಕಿ ಬಿತ್ತು.

ಚರಿತ್ರಕಾರನು ಈ ಕಥೆಯನ್ನು ಕೈಗೆತ್ತಿಕೊಂಡರೆ ಅದು ಒಂದು ಗಳಿಗೆಯೂ ನಿಲ್ಲದು. ಬೆಳಗೊಳದ ಮೂರ್ತಿಯನ್ನು ಚಾವುಂಡರಾಯನು 10ನೆಯ ಶತಮಾನದ ಕೊನೆಯಲ್ಲಿ ಮಾಡಿಸಿದನು. ಸಾವಿರ ಕಂಬದ ಬಸದಿಯೆನಿಸಿದ ಮೂಡುಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಯು 1430ರದು. ಕಾರ್ಕಳದ ಸುಮಾರು 42 ಅಡಿಯ ಗೊಮ್ಮಟನನ್ನು ವೀರಪಾಂಡ್ಯ ಭೈರರಸನು 1432ರ ಫೆಬ್ರವರಿ 13ರಂದು ಪ್ರತಿಷ್ಠಾಪಿಸಿದನು. ವೇಣೂರಿನ ಗೊಮ್ಮಟನು ತಿಮ್ಮಣ್ಣಾಜಿಲನ ಕಾಲದವನು, 1604ರಲ್ಲಿ ನಿಂತವನು. ತಂದೆಗೂ ಮಗನಿಗೂ ನಡುವೆ ನಾಲ್ಕೂವರೆ ಶತಮಾನಗಳು. ಮಗನು ಕೈ ಕಡಿಸಿಕೊಂಡ ದಿನಕ್ಕೂ ಅವನು ಮತ್ತೆ ಉಳಿ ಹಿಡಿದ ದಿನಕ್ಕೂ ನಡುವೆ 172 ವರ್ಷಗಳು. ಇದನ್ನು ಲೆಕ್ಕ ಹಾಕಿ ತೋರಿಸಿ ಪಾಡ್ದನವು ಬರಿಯ ಕಟ್ಟುಕಥೆಯೆಂದು ಕೈತೊಳೆದುಕೊಳ್ಳುವುದು ಸುಲಭ. ಹಾಗೆ ಮಾಡಿದ ವಿದ್ವಾಂಸರೂ ಇದ್ದಾರೆ.

ಆದರೆ ವೇಣೂರಿನ ಕಡೆಯ ಇನ್ನೊಂದು ಪ್ರತೀತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ತಿಮ್ಮಣ್ಣಾಜಿಲನು ಗೊಮ್ಮಟನನ್ನು ಮಾಡಿಸುತ್ತಿರುವ ಸುದ್ದಿಯು ಕಾರ್ಕಳಕ್ಕೆ ಮುಟ್ಟಿದಾಗ ಅಲ್ಲಿಯ ಇಮ್ಮಡಿ ಭೈರರಸನು, ತನ್ನ ಪೂರ್ವಿಕರ ಕೀರ್ತಿಗೆ ಎಲ್ಲಿ ಕುಂದುಂಟಾಗುವುದೋ ಎಂಬ ಅಸೂಯೆಯಿಂದ, ಆ ಮೂರ್ತಿಯನ್ನು ತನಗೆ ಒಪ್ಪಿಸಬೇಕೆಂದು ಹೇಳಿಕಳುಹಿಸಿದನಂತೆ; ಒಪ್ಪದ ಅಜಿಲನು ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತಿಟ್ಟು, ಯುದ್ಧವನ್ನು ಎದುರಿಸಿ, ಆಮೇಲೆ ಮೂರ್ತಿಯನ್ನು ನಿಲ್ಲಿಸಿದನಂತೆ. ತನ್ನಲ್ಲಿರುವಂತಹುದು ಇನ್ನೊಬ್ಬನಲ್ಲಿರಬಾರದೆಂಬ ಕಾರ್ಕಳದ ಆ ಹಟವು ಎರಡು ಕಥೆಗಳಲ್ಲಿಯೂ ಒಂದೇ. ಅರಸುಮನೆತನದ ಕಥೆಯಲ್ಲಿ ಅದು ಇಬ್ಬರು ದೊರೆಗಳ ಯುದ್ಧವಾಗಿ ಮುಗಿಯಿತು. ಕಲ್ಲುಕುಟಿಗರ ಕಥೆಯಲ್ಲಿ ಅದರ ಬೆಲೆಯನ್ನು ತೆತ್ತವನ ಕೈಕಾಲುಗಳು ಕಾಣಿಸಿಕೊಂಡವು. ತೇದಿಗಳಲ್ಲಿ ಪಾಡ್ದನವು ತಪ್ಪಿದೆ; ದೊರೆಯ ಮಾತನ್ನು ನಂಬಿದ ಕುಶಲಿಗೆ ಆಗುವ ಗತಿಯೇನೆಂಬುದರಲ್ಲಿ ಅದು ತಪ್ಪಿಲ್ಲವೆಂದೇ ನನ್ನ ಮತ.

ಈ ಕಥೆಯಲ್ಲಿ ಮೋಸ ಮಾಡಿದವನು ಯಾರು? ಉಡುಗೊರೆಯ ಮಾತನಾಡಿ ಕತ್ತಿ ಎತ್ತಿದ ಅರಸು. ದೈವವು ಆ ಮೋಸಕ್ಕೆ ಈಡಾದ ಜೀವ. ಗ್ರೀಕ್ ಗ್ರಂಥದಲ್ಲಿ ಅದೃಶ್ಯಲೋಕದಿಂದ ಇಳಿದುಬಂದು ಮನುಷ್ಯನನ್ನು ಅಡ್ಡದಾರಿಗೆಳೆಯುವುದು ಆತ್ಮವಾದರೆ, ಇಲ್ಲಿ ಮನುಷ್ಯನೇ ಮನುಷ್ಯನನ್ನು ವಂಚಿಸುತ್ತಾನೆ, ವಂಚಿತನು ಅದೃಶ್ಯಕ್ಕೆ ಹೋಗಿ ನ್ಯಾಯವನ್ನು ಕೇಳಲು ಹಿಂದಿರುಗಿ ಬರುತ್ತಾನೆ. ತುಳುವಿನಲ್ಲಿ ‘ಮಾಯ’ವೆಂದರೆ ಆ ಅದೃಶ್ಯವೇ. ಕಾಯವನ್ನು ಬಿಟ್ಟು ಮಾಯವನ್ನು ಸೇರಿದವನು ಸುಳ್ಳಾದವನಲ್ಲ. ಅಲ್ಲಿಯವರೆಗೆ ಅವನ ಮಾತಿಗೆ ಇಲ್ಲದಿದ್ದ ಬೆಲೆಯು ಆಮೇಲೆ ಬರುತ್ತದೆ. ಜನರು ದೈವಗಳನ್ನು ‘ಸತ್ಯೊಲು’, ಸತ್ಯಗಳು, ಎಂದೇ ಕರೆಯುತ್ತಾರೆ. ಶಂಕರಾಚಾರ್ಯರ ಶಿಷ್ಯಪರಂಪರೆಯವರಾಗಲಿ ಗ್ರೈನರನ ಗ್ರೀಕ್ ಗುರುಗಳಾಗಲಿ ಮಾಯವೂ ಸತ್ಯವೂ ಒಂದೇ ಮೆಟ್ಟಿಲಲ್ಲಿ ನಿಂತುದನ್ನು ಕಂಡಿದ್ದರೆ ಬೆಚ್ಚಿಬೀಳುತ್ತಿದ್ದರು.

ಕಲ್ಕುಡನ ಕಥೆಯೊಂದನ್ನೇ ಹಿಡಿದು ಸಿದ್ಧಾಂತ ಕಟ್ಟಬಾರದೆನ್ನುವವರಿಗೆ ಬೇರೆ ಪಾಡ್ದನಗಳೂ ಉಂಟು. ಪಡುಮಲೆಯ ಪೆರುಮಾಳ ಬಲ್ಲಾಳನು ತನ್ನ ಪ್ರಾಣವನ್ನುಳಿಸಿದ ದೇಯಿ ಬೈದ್ಯೆತಿಗೆ ಕೊಟ್ಟ ಮಾತನ್ನು ಅವಳ ಮಕ್ಕಳಾದ ಕೋಟಿ ಚೆನ್ನಯರ ವಿಷಯದಲ್ಲಿ ಉಳಿಸಿಕೊಳ್ಳಲಿಲ್ಲ. ಅವರೀಗ ಗರಡಿಗಳಲ್ಲಿ ಪೂಜೆಗೊಳ್ಳುತ್ತಾರೆ. ಏಳು ಮಂದಿಯ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ತಂದರೂ ಒಳಗೆ ಕಾಲಿಡಲು ಅಪ್ಪಣೆ ಸಿಗದ ಕೊರಗ ತನಿಯನು ಅಲ್ಲಿಯೇ ಮಾಯವಾಗಿ ಕೊರಗಜ್ಜನಾದನು. ಹೀಗೆ ತುಳುನಾಡಿನ ದೈವಗಳಲ್ಲಿ ಒಂದು ದೊಡ್ಡ ಪಂಗಡವು ಮಾತಿಗೆ ತಪ್ಪಿದವರ ವಿರುದ್ಧ ನಿಂತ ಸಾಕ್ಷಿಗಳ ಪಂಗಡ. ಆದುದರಿಂದಲೇ ಪಡೆದ ಸಾಲವನ್ನು ಇಲ್ಲವೆಂದವನನ್ನೂ, ಗಡಿಕಲ್ಲನ್ನು ಸರಿಸಿದವನನ್ನೂ ಜನರು ದೈವದೆದುರಿಗೆ ಎಳೆಯುತ್ತಿದ್ದುದು. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ವ್ಯಾಜ್ಯಗಳನ್ನು ಹೆಗ್ಗಡೆಯವರು ಕೇಳಿ ತೀರ್ಮಾನಿಸುವ ಸಂಪ್ರದಾಯವು ಪ್ರಸಿದ್ಧವಾಗಿದೆ; ಕಾಸರಗೋಡಿನ ಕಡೆಯ ಕಾನತ್ತೂರಿನ ನಾಲ್ವರ್ ದೈವಗಳ ಹೆಸರೆತ್ತಿದರೆ ಇಂದಿಗೂ ಎಷ್ಟೋ ಸುಳ್ಳುಗಾರರ ನಾಲಗೆ ತಡವರಿಸುತ್ತದೆ. ಟೆನೆಂಟನ ಸಿಂಹಳದಲ್ಲಿ ಕಕ್ಷಿಗಾರನು ಗೆಲ್ಲುವುದಕ್ಕಾಗಿ ನರಿಯ ಕೊಂಬನ್ನು ಮಡಿಲಲ್ಲಿಟ್ಟುಕೊಳ್ಳುತ್ತಿದ್ದರೆ, ಇಲ್ಲಿಯವನು ಕಾನತ್ತೂರಿಗೆ ಹೋಗುತ್ತೇನೆಂದು ಹೇಳಿಯೇ ಎದುರಾಳಿಯನ್ನು ರಾಜಿಗೆ ತರುತ್ತಿದ್ದನು.

ಇಷ್ಟರಿಂದ ಮಿಶನರಿಗಳ ಸಂದೇಹವೆಲ್ಲ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ದೈವದ ನರ್ತನಸೇವೆಯಾದ ಕೋಲವೊಂದನ್ನು ಹತ್ತಿರದಿಂದ ನೋಡಬೇಕು. ಮುಖಕ್ಕೆ ಅರದಾಳದ ಹಳದಿ, ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ, ಬೆನ್ನ ಹಿಂದೆ ಅಣಿ. ವೇಷಧಾರಿಯ ಮನೆಯ ಹೆಂಗಸು ತೆಂಬರೆಯನ್ನು ಬಾರಿಸುತ್ತ ಪಾಡ್ದನವನ್ನು ಹೇಳುತ್ತಿರುವಾಗ ವೇಷ ಕಟ್ಟಿದ ನಲಿಕೆಯವನೋ ಪಂಬದನೋ ಪರವನೋ ಗಗ್ಗರವನ್ನು ಕೈಯಲ್ಲಿ ಹಿಡಿದು, ಅದನ್ನು ಕಾಲಿಗೆ ಕಟ್ಟಿಕೊಂಡ ಕ್ಷಣದಿಂದ ದೈವವಾಗುತ್ತಾನೆ. ನಿನ್ನೆಯ ದಿನ ಊರಿನ ಹಿರಿಮನೆಯಾದ ಗುತ್ತಿನ ಮನೆಯ ಅಂಗಳದಾಚೆ ನಿಂತಿದ್ದವನೇ ಈಗ ಗುತ್ತಿನ ಯಜಮಾನನನ್ನು ಹೆಸರು ಹಿಡಿದು ಕರೆದು, ಕಟ್ಟಳೆಯಲ್ಲಿ ಕಂಡ ಕೊರತೆಗೆ ಗದರಿಸುತ್ತಾನೆ, ಯಜಮಾನನು ತಲೆಬಾಗಿ ತಪ್ಪುಕಾಣಿಕೆಯನ್ನು ಒಪ್ಪಿಕೊಳ್ಳುತ್ತಾನೆ. ಬೆಳಗಾದ ಮೇಲೆ ಬಣ್ಣವನ್ನು ತೊಳೆದ ಆ ಮನುಷ್ಯನು ಮತ್ತೆ ಅಂಗಳದಾಚೆಯೇ. ಸತ್ಯವೆನಿಸಿಕೊಂಡುದಕ್ಕೆ ಒಂದು ರಾತ್ರಿಯ ಆಯುಷ್ಯವನ್ನು ಮಾತ್ರ ಕೊಟ್ಟ ಈ ವ್ಯವಸ್ಥೆಯನ್ನು ಕಂಡು ಹೊರಗಿನವನು ‘ಇದರಲ್ಲಿ ವಂಚನೆಯಿಲ್ಲವೆ?’ ಎಂದು ಕೇಳಿದ್ದರೆ ಆ ಪ್ರಶ್ನೆಗೆ ಮುಖ ತಿರುಗಿಸಲಾಗದು. ದೈವದ ಭಯವನ್ನು ಬಂಡವಾಳ ಮಾಡಿಕೊಂಡ ಭೂಮಾಲಿಕರು ಇದ್ದರು. ಜ್ವರ ಬಂದ ಮಗುವಿಗೆ ಔಷಧ ಕೊಡದೆ ಹರಕೆಯ ಕೋಳಿಯನ್ನು ಹುಡುಕಿದ ಮನೆಗಳೂ ಇದ್ದವು. ಬಿಲ್ಲವರಲ್ಲಿ ಅನೇಕರು ಮಿಶನ್ನಿನ ಕಡೆಗೆ ನಡೆದುದಕ್ಕೆ ಪಾದ್ರಿಯ ವಾಕ್ಚಾತುರ್ಯಕ್ಕಿಂತ ಈ ಅಂಗಳದಾಚೆಯ ನಿಲುವಿನ ಬೇಸರವೇ ಹೆಚ್ಚು ಬಲವಾದ ಕಾರಣವಾಗಿದ್ದೀತು.

ಆತ್ಮಗಳನ್ನು ಪರೀಕ್ಷಿಸಬೇಕೆಂಬ ವಿಧಿಯೂ ಇಲ್ಲಿ ಅಪರಿಚಿತವಾಗಿರಲಿಲ್ಲ. ಮನೆಯಲ್ಲಿ ಯಾರ ಮೈಮೇಲೋ ಏನೋ ಬಂತೆಂದೊಡನೆ ಅದನ್ನು ದೈವವೆಂದು ಯಾರೂ ಒಪ್ಪುವುದಿಲ್ಲ. ಬಲ್ಯಾಯನೆಂಬ ಜೋಯಿಸನಿಂದ ಪ್ರಶ್ನೆ ಇರಿಸಿ, ಬಂದುದು ಯಾವ ಶಕ್ತಿ, ಎಲ್ಲಿಯದು, ಏನು ಬಯಸುತ್ತದೆಂಬುದನ್ನು ಕೇಳಿಸಬೇಕು. ಕೋಲದಲ್ಲಿಯೂ ನುಡಿಯು ಕ್ರಮ ತಪ್ಪಿದರೆ ಊರ ಹಿರಿಯರು ಸುಮ್ಮನಿರುವುದಿಲ್ಲ. ಸಂದೇಹಪಡುವ ಹಕ್ಕನ್ನು ದೈವದ ಅಂಗಳವೇ ತನ್ನವರಿಗೆ ಕೊಟ್ಟಿತ್ತು. ಆ ಸಂದೇಹಕ್ಕೆ ಒಂದು ಎಲ್ಲೆಯನ್ನು ಹಾಕಿತ್ತೆಂಬುದೂ ನಿಜ.

ಮಿಶನ್ನಿನವರು ಬಂದು ಅರ್ಧಶತಮಾನ ಕಳೆಯುವಷ್ಟರಲ್ಲಿ ವಿಚಿತ್ರವಾದ ಘಟನೆಯೊಂದು ನಡೆಯಿತು. ಯಾವುದನ್ನು ಬಿಡಿಸಬೇಕೋ ಅದನ್ನು ಮೊದಲು ತಿಳಿಯಬೇಕೆಂದು ಹೊರಟ ಆಗಸ್ಟ್ ಮೇನರನು, ಪಾಡ್ದನಗಳನ್ನು ಹೇಳುವವರ ಬಾಯಿಂದ ಕೇಳಿ ಬರೆಸಿ, 1886ರಲ್ಲಿ ‘ಪಾಡ್ದನೊಳು’ ಎಂಬ ಹೆಸರಿನಲ್ಲಿ ಅಚ್ಚು ಹಾಕಿಸಿದನು. ತುಳು ಸುವಾರ್ತೆಯನ್ನು ಪ್ರಕಟಿಸಿದ ಮಿಶನ್ನೇ, ಅದೇ ಕನ್ನಡಲಿಪಿಯಲ್ಲಿ, ಭೂತಗಳ ಜನನ ಪ್ರಸಾರಗಳನ್ನೂ ಪ್ರಕಟಿಸಿತು. ಮೇನರನ ತುಳು ಇಂಗ್ಲಿಷ್ ನಿಘಂಟೂ ಆ ವರ್ಷವೇ ಹೊರಬಂತು. ಮಂಗಳೂರಿನಲ್ಲಿ ಜಿಲ್ಲಾ ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲನು ಕೂಡಿಸಿಟ್ಟಿದ್ದ ಸಾಮಗ್ರಿಯನ್ನು, ಅವನು 1882ರಲ್ಲಿ ತೀರಿಕೊಂಡ ಬಳಿಕ, ಆರ್. ಸಿ. ಟೆಂಪಲನು ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ 1894ರಿಂದ 1897ರವರೆಗೆ ಪ್ರಕಟಿಸಿದನು. ‘ತುಳುವರ ದೆವ್ವಪೂಜೆ’ ಎಂಬರ್ಥದ ಇಂಗ್ಲಿಷ್ ತಲೆಬರಹವನ್ನು ಹೊತ್ತ ಆ ಲೇಖನಮಾಲೆಯಲ್ಲಿ ಕಲ್ಕುಡನ ಕಥೆಯೂ ಸೇರಿದೆ. ನಂಬುವವರ ಪಾಡಿಗೆ ಬಿಟ್ಟಿದ್ದರೆ ಇವು ಇಷ್ಟು ಬೇಗನೆ ಕಾಗದಕ್ಕೆ ಇಳಿಯುತ್ತಿರಲಿಲ್ಲ. ಹೇಳುವವರಿಗೆ ಬರೆಯುವ ಅಗತ್ಯವಿರಲಿಲ್ಲ, ಬರೆಯಬಲ್ಲವರಿಗೆ ಅವು ಬರೆಯಲು ಯೋಗ್ಯವೆಂದು ತೋರಿರಲಿಲ್ಲ. ಒಂದು ಶತಮಾನದ ಬಳಿಕ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದವರು 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಾಗ, ಆ ದಾರಿಯಲ್ಲಿ ಅವರಿಗಿಂತ ಮುಂಚೆ ನಡೆದಿದ್ದವನು, ಭೂತಗಳೆಲ್ಲ ಭ್ರಾಂತಿಯೆಂದು ಬೋಧಿಸುತ್ತಿದ್ದ ಆ ಮೇನರನೇ.